ಮೀಸೆಗೆ ಮಣ್ಣು ಹತ್ತಲಿ ಬಿಡಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆಯನ್ನ ನಾವೆಲ್ಲ ಒಂದಲ್ಲ ಒಂದು ಸಲ ಬಳಸಿರ್ತೀವಿ. ವೈವಾ ಕೆಟ್ಟು ಹೊರಗೆ ಬಂದ ಗೆಳೆಯ "ಪ್ರಶ್ನೆನೇ ತಪ್ಪಿತ್ತಲೇ" ಅಂದಾಗ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ. ಆದರೆ ಗಾದೆಯೊಳಗಿನ ಆ ಜಟ್ಟಿಯನ್ನ ಸ್ವಲ್ಪ ವಿಚಾರ ಮಾಡಿ ನೋಡಿ. ಬಿದ್ದದ್ದಕ್ಕೆ ಅವನಿಗೆ ಬೇಜಾರಿಲ್ಲ, ಬಿದ್ದದ್ದು ಮಂದಿಗೆ ಕಾಣಬಾರದು, ಅಷ್ಟೇ. ಐದಾರು ವರ್ಷ ಒಂದೇ ಕಲೆಯಲ್ಲಿ ಪಳಗಿದವನು ಇನ್ನೊಂದು ಕಲೆಯ ಕ್ಲಾಸಿಗೆ ಹೋಗಿ, ತನಗಿಂತ ಚಿಕ್ಕ ಹುಡುಗರ ಕೈಯಾಗ ಬೀಳೋದಿದೆಯಲ್ಲ, ಅಲ್ಲಿ ಮೀಸೆ ಉಳಿಸಿಕೊಳ್ಳೋದಕ್ಕೆ ಆಗೋದೇ ಇಲ್ಲ. ಈ ಲೇಖನ ಅದರ ಬಗ್ಗೆ. ಜಿಮ್ ಭಾಷೆಯಲ್ಲಿ ಇದಕ್ಕೆ ಕ್ರಾಸ್ ಟ್ರೈನಿಂಗ್ ಅಂತಾರೆ: ಒಂದು ಸಮರಕಲೆಯ ಜೊತೆಗೆ ಮತ್ತೊಂದನ್ನೂ, ಸಾಧ್ಯವಾದರೆ ಮೂರನೆಯದನ್ನೂ ಕಲಿಯೋದು.

ಇದಕ್ಕೆ ಮೊದಲ ಆಕ್ಷೇಪ ಮನೆಯಲ್ಲೇ ಬರುತ್ತೆ. ಹತ್ತು ಕಡೆ ಒಂದೊಂದು ಮೊಳ ಅಗೆದರೆ ಎಲ್ಲೂ ನೀರು ಬರೋದಿಲ್ಲ, ಒಂದೇ ಕಡೆ ಆಳವಾಗಿ ಅಗೆಯಬೇಕು ಅಂತಾರೆ ಹಿರಿಯರು. ಮಾತು ಸುಳ್ಳಲ್ಲ. ಆದರೆ ಹಾಗೆ ಹೇಳೋ ಹಿರಿಯರೇ ತಮ್ಮ ಕಾಲದ ಗರಡಿ ಮನೆಯನ್ನ ಒಂದೇ ಕಲೆಯ ಶಾಲೆ ಅಂದುಕೊಂಡಿರ್ತಾರೆ. ಅದು ಹಾಗಿರಲಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಇವೆಲ್ಲ ಕಲ್ಯಾಣದ ಚಾಲುಕ್ಯರ ರಾಜ್ಯದಲ್ಲಿದ್ದ ಸೀಮೆ. ಆ ಮನೆತನದ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಬಿರುದೇ ಭೂಲೋಕಮಲ್ಲ. ಅವನು ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಅಡುಗೆಯಿಂದ ಹಿಡಿದು ಆನೆ ಪಳಗಿಸೋವರೆಗೆ ಎಲ್ಲ ಉಂಟು. ಅದರಲ್ಲಿ ಮಲ್ಲವಿನೋದ ಅನ್ನೋ ಭಾಗ ಕುಸ್ತಿಯದ್ದು. ಮಲ್ಲರನ್ನ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಅಂತ ಮೂರು ದರ್ಜೆ ಮಾಡಿ, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಕೊಡಬೇಕು ಅನ್ನುತ್ತೆ. ನಮಗೆ ಮುಖ್ಯವಾದದ್ದು ಮುಂದಿನ ಪಟ್ಟಿ. ಮಲ್ಲ ಮಾಡಬೇಕಾದ ಶ್ರಮಗಳು ಇವು: ಭಾರ ಎತ್ತೋ ಭಾರಶ್ರಮ, ನಡೆಯೋ ಭ್ರಮಣಶ್ರಮ, ನೀರಿನಲ್ಲಿ ಮಾಡೋ ಸಲಿಲಶ್ರಮ, ತೋಳಿಗೆ ತೋಳು ಹಚ್ಚಿ ನೂಕಾಡೋ ಬಾಹುಪೆಲ್ಲಣಕ ಶ್ರಮ, ಕಂಬದ ಮೇಲೆ ಮಾಡೋ ಸ್ತಂಭಶ್ರಮ. ಕುಸ್ತಿಯವನಿಗೆ ಬರೀ ಕುಸ್ತಿ ಸಾಲದು ಅಂತ 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಇವತ್ತು ಯಾವುದೋ ಯೂಟ್ಯೂಬ್ ಕೋಚ್ ಇದನ್ನೇ ಹೊಸ ಸಂಶೋಧನೆ ಅನ್ನೋ ಹಂಗ ಹೇಳಿದರೆ ನಮಗೆ ನಗು ಬರುತ್ತೆ.

ಆ ಕಂಬ ಈಗಲೂ ನಮ್ಮ ಕಡೆ ನಿಂತೈತಿ. ಬಾಗಲಕೋಟೆಯಿಂದ ಕಲಾದಗಿಗೆ ಹೋಗೋ ದಾರಿಯಲ್ಲಿ ತುಳಸಿಗೇರಿ ಸಿಗುತ್ತೆ. ಹೊರಗಿನವರಿಗೆ ಅದು ಹನುಮಪ್ಪನ ಗುಡಿಯ ಊರು. ಆಟದ ಮಂದಿಗೆ ಮಲ್ಲಕಂಬದ ಊರು. ನೆಲದ ಮೇಲೆ ಎಂಟೂವರೆ ಅಡಿಯಷ್ಟು ಎತ್ತರ, ಕೆಳಗೆ ದಪ್ಪ, ಮೇಲೆ ಹೋದಂತೆ ಸಣ್ಣ, ತುದಿಗೆ ಗುಂಡನೆಯ ತಲೆ. ಚರ್ಮ ಕಿತ್ತು ಬರಬಾರದು ಅಂತ ಅದಕ್ಕೆ ಔಡಲೆಣ್ಣೆ ಹಚ್ಚುತ್ತಾರೆ. ಹೆಸರೇ ಹೇಳೋ ಹಾಗೆ ಇದು ಮಲ್ಲನ ಕಂಬ, ಅಂದರೆ ಕುಸ್ತಿಯವನು ತನ್ನ ಸಾಮಿಗೆ ಇಟ್ಟುಕೊಂಡಿದ್ದು. ಎದುರಾಳಿ ಸಿಗದಿದ್ದಾಗ ಅಪ್ಪಿಕೊಳ್ಳೋಕೆ, ತೊಡೆಯಲ್ಲಿ ಬಿಗಿಹಿಡಿಯೋಕೆ, ತಲೆಕೆಳಗಾಗಿ ತೂಗೋಕೆ ಅಲುಗಾಡದ ಒಬ್ಬ ಜೋಡಿ. ಕಾಲಾಂತರದಲ್ಲಿ ಅದೇ ಸ್ವತಂತ್ರ ಆಟವಾಯ್ತು, ಖೇಲೋ ಇಂಡಿಯಾ ಕ್ರೀಡಾಕೂಟಕ್ಕೂ ಬಂತು. ಕಂಬದ ಮೇಲೆ ಒಂದು ವರ್ಷ ಕಳೆದ ಹುಡುಗನನ್ನ ಅಖಾಡಕ್ಕೆ ಇಳಿಸಿ ನೋಡಿ: ಯಾರಾದರೂ ಎತ್ತಿದಾಗ ಗಾಳಿಯಲ್ಲಿ ಗಾಬರಿಯಾಗೋದಿಲ್ಲ, ತಾನು ಎಲ್ಲಿದ್ದೀನಿ, ನೆಲ ಯಾವ ಕಡೆ ಐತಿ ಅನ್ನೋದು ಅವನ ಮೈಗೆ ಗೊತ್ತಿರುತ್ತೆ.

ಗರಡಿಯೊಳಗಿನ ದಿನಚರಿಯೂ ಹಾಗೇ. ಬೆಳಕು ಹರಿಯೋಕೆ ಮುಂಚೆ ಕೆಮ್ಮಣ್ಣನ್ನ ಸಲಿಕೆಯಿಂದ ಅಗೆದು ತಿರುವಿಹಾಕೋದೇ ಮೊದಲ ವ್ಯಾಯಾಮ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕಲಸಿರ್ತಾರೆ. ಆಮೇಲೆ ದಂಡ, ಬಸ್ಕಿ. ಆಮೇಲೆ ಗದೆ, ಕರ್ಲೆ ತಿರುಗಿಸೋದು, ಕಲ್ಲಿನ ಗುಂಡು ಎತ್ತೋದು, ಹಗ್ಗ ಹತ್ತೋದು. ಇಷ್ಟೆಲ್ಲ ಆದಮೇಲೆ ಜೋಡಿ ಹಿಡಿದು ಪಟ್ಟು ಹಾಕೋದು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತೋನೂ, ಉಸುಕಿನ ಚೀಲ ಹೊರೋನೂ ಬಹಳ ಸಲ ಇದೇ ಗರಡಿಯಿಂದ ಬಂದವನೇ ಆಗಿರ್ತಾನೆ. ಲೇಜಿಮು ಈಗ ಮೆರವಣಿಗೆಯ ಕುಣಿತ. ಅದೂ ತಾಲೀಮಿನ ಸಾಮಾನೇ.

ಆಯುಧ ಮಾತ್ರ ಈ ಪಟ್ಟಿಯಿಂದ ಬಿಟ್ಟುಹೋಯ್ತು. ಕಲಾದಗಿ ಒಂದು ಕಾಲಕ್ಕೆ ಬ್ರಿಟಿಷರ ಜಿಲ್ಲಾ ಕೇಂದ್ರವಾಗಿತ್ತು ಅನ್ನೋದು ಈಗ ಅಲ್ಲಿ ಚಿಕ್ಕು, ದಾಳಿಂಬೆ ಕೊಳ್ಳೋಕೆ ಬಸ್ಸಿಂದ ಇಳಿಯೋರಿಗೆ ಗೊತ್ತಿರೋದಿಲ್ಲ. ಅಲ್ಲಿಂದ ಬಹಳ ದೂರವಿಲ್ಲದ ಹಲಗಲಿಯಲ್ಲಿ 1857ರ ನವೆಂಬರಿನಲ್ಲಿ ಬೇಡರು ತಮ್ಮ ಆಯುಧ ಒಪ್ಪಿಸೋದಿಲ್ಲ ಅಂತ ಎದ್ದುನಿಂತರು, ಸರ್ಕಾರ ಸೈನ್ಯ ಕಳಿಸಿ ಊರನ್ನೇ ಸುಟ್ಟಿತು. ಆಯುಧ ಕಿತ್ತುಕೊಂಡ ಮೇಲೆ ಕತ್ತಿವರಸೆ, ಕೋಲುವರಸೆ ಹಬ್ಬದ ಪ್ರದರ್ಶನವಾಗಿ ಸೊರಗಿದವು, ಬರಿಗೈಯ ಕುಸ್ತಿ ಉಳಿದುಕೊಂಡಿತು ಅನ್ನೋದು ನಮ್ಮ ಊಹೆ. ನಮ್ಮ ಅಜ್ಜಂದಿರು ಕಂಡ ಗರಡಿ ಈ ಅರ್ಧ ಖಾಲಿಯಾದ ಗರಡಿ.

ಈಗ ಮೆಕ್ಯಾನಿಕ್ಸಿಗೆ ಬರೋಣ, ಇಲ್ಲಿ ನಮ್ಮ ಓದು ಸ್ವಲ್ಪ ಕೆಲಸಕ್ಕೆ ಬರುತ್ತೆ.

ಕುಸ್ತಿಯಲ್ಲಿ ಧೋಬಿ ಪಛಾಡ್ ಅಂತ ಒಂದು ಪಟ್ಟು. ಅಗಸ ಬಟ್ಟೆ ಎತ್ತಿ ಕಲ್ಲಿಗೆ ಒಗೆಯೋ ಹಾಗೆ ಎದುರಾಳಿಯ ತೋಳನ್ನ ನಮ್ಮ ಹೆಗಲ ಮೇಲೆ ಎಳೆದುಕೊಂಡು, ಬೆನ್ನು ತಿರುಗಿಸಿ, ಮುಂದಕ್ಕೆ ಎಸೆಯೋದು. ಜೂಡೋದಲ್ಲಿ ಸೆಯೊಯಿ ನಾಗೆ ಅನ್ನೋದು ಹೆಚ್ಚೂಕಡಿಮೆ ಇದೇ. ಎರಡರ ಲೆಕ್ಕವೂ ಒಂದೇ: ಎದುರಾಳಿಯ ಗುರುತ್ವ ಕೇಂದ್ರದಿಂದ ಕೆಳಗೆ ಎಳೆದ ಲಂಬರೇಖೆ ಅವನ ಎರಡು ಪಾದಗಳ ನಡುವಿನ ಜಾಗದಿಂದ ಹೊರಗೆ ಹೋಗಬೇಕು, ನಮ್ಮ ಸೊಂಟ ಅವನ ಸೊಂಟಕ್ಕಿಂತ ಕೆಳಗಿರಬೇಕು. ಆಗ ನಮ್ಮ ಸೊಂಟವೇ ಸನ್ನೆಗೋಲಿನ ಆನಿಕೆ, ಅವನ ತೂಕವೇ ಅವನನ್ನ ಬೀಳಿಸುತ್ತೆ. ಹೆಗಲ ಮೇಲೆ ಅಡ್ಡಡ್ಡ ಹೊತ್ತು ಒಗೆಯೋ ಕಲಾಜಂಗ್ ಪಟ್ಟಿಗೂ ಜೂಡೋದ ಕಾತಾ ಗುರುಮಾಕ್ಕೂ ಇದೇ ನೆಂಟಸ್ತನ.

ಹಾಗಾದರೆ ಕುಸ್ತಿ ಬಂದವನಿಗೆ ಜೂಡೋ ಸಲೀಸು ಅಂದುಕೊಂಡರೆ ಕೆಟ್ಟಿರಿ. ಅಖಾಡದಲ್ಲಿ ಹಿಡಿಯೋದು ಬೆವರಿದ ಮೈಯನ್ನ. ಜಾರಬಾರದು ಅಂತ ಹಿಡಿ ಮಣ್ಣು ತಗೊಂಡು ಎದುರಾಳಿಯ ಮೈಗೂ ಹಾಕ್ತಾರೆ, ಅದು ಬೈಗುಳ ಅಲ್ಲ, ಘರ್ಷಣೆ ಹೆಚ್ಚಿಸೋ ಉಪಾಯ. ಹಿಡಿತ ಸಡಿಲ ಆಗೋ ಕಾರಣಕ್ಕೆ ಎದೆ ಬೆನ್ನಿಗೆ ಅಂಟಿಕೊಂಡೇ ಇರಬೇಕು. ಜೂಡೋದಲ್ಲಿ ದಪ್ಪ ಅಂಗಿ ಇದೆ. ಕುಸ್ತಿಯ ಹುಡುಗ ಆ ಅಂಗಿ ಹಾಕಿಕೊಂಡ ದಿನ ತನ್ನ ಮೈತುಂಬ ಹಿಡಿಕೆ ಮೂಡಿದಂತಾಗಿ ಕಂಗಾಲಾಗ್ತಾನೆ: ಕಾಲರು, ತೋಳು, ಬೆಲ್ಟು, ಎಲ್ಲ ಕಡೆಯಿಂದಲೂ ಎಳೀತಾರೆ. ಅವನ ಕೈ ತಾನಾಗೇ ಎದುರಾಳಿಯ ಕಾಲಿಗೆ ಹೋಗುತ್ತೆ, ಅದು ತಪ್ಪು ಎಣಿಕೆಯಾಗುತ್ತೆ. 2013ರಿಂದ ಅಂತಾರಾಷ್ಟ್ರೀಯ ಜೂಡೋದಲ್ಲಿ ನಿಂತಾಗ ಕಾಲು ಹಿಡಿಯೋ ಹಾಗಿಲ್ಲ. ಇನ್ನು ಕರಾಟೆಯವನನ್ನ ಅಖಾಡಕ್ಕೆ ತಂದರೆ ಕಥೆ ಉಲ್ಟಾ. ಅವನ ಪೂರಾ ವಿದ್ಯೆ ದೂರದಲ್ಲಿದೆ, ಒಂದು ಹೆಜ್ಜೆ ಹೊರಗೆ ನಿಂತು ಗುರಿ ನೋಡಿ ಒಳಗೆ ನುಗ್ಗೋದು. ಕುಸ್ತಿಯವನು ಆ ದೂರವನ್ನೇ ನುಂಗಿಬಿಡ್ತಾನೆ.

ಇದಕ್ಕಿಂತ ಆಳದ ವ್ಯತ್ಯಾಸ ಒಂದಿದೆ, ನಮಗೆ ಬಹಳ ಹಿಡಿಸಿದ್ದು ಅದೇ. ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಆಟ ಮುಗೀತು. ಹಾಗಾಗಿ ಅಂಗಾತ ಬೀಳೋದೇ ಸಾವು ಅನ್ನೋ ಭಯ ಅವನ ಎಲುಬಿನಲ್ಲಿ ಕೂತಿರುತ್ತೆ. ಬೀಳುವಾಗ ಗಾಳಿಯಲ್ಲೇ ಹೊರಳಿ ಬೋರಲಾಗ್ತಾನೆ. ಅದೇ ಹುಡುಗ ಜುಜಿತ್ಸು ಕಲಿಯೋಕೆ ಹೋದರೆ ಅಲ್ಲಿ ಅಂಗಾತ ಮಲಗಿ ಕಾಲುಗಳಿಂದ ಎದುರಾಳಿಯನ್ನ ತಡೆದು ಆಡೋದೇ ಒಂದು ದೊಡ್ಡ ವಿದ್ಯೆ. ಬೋರಲಾಗಿ ಬೆನ್ನು ಕೊಟ್ಟರೆ ಹಿಂದಿನಿಂದ ಕುತ್ತಿಗೆಗೆ ತೋಳು ಬೀಳುತ್ತೆ. ಒಂದು ಕಡೆ ಜೀವ ಉಳಿಸಿದ ಚಲನೆ ಇನ್ನೊಂದು ಕಡೆ ಜೀವ ತೆಗೆಯುತ್ತೆ. ಕರಾಟೆಯವನಿಗೆ ಅಪ್ಪಿಕೊಳ್ಳೋ ಭಯ, ಕುಸ್ತಿಯವನಿಗೆ ಮುಖಕ್ಕೆ ಹೊಡೆತ ಬೀಳೋ ಭಯ. ಪ್ರತಿಯೊಂದು ಕಲೆ ತನ್ನ ನಿಯಮಗಳ ಜೊತೆಗೆ ಒಂದು ಭಯವನ್ನೂ ಸದ್ದಿಲ್ಲದೆ ಕಲಿಸಿಬಿಟ್ಟಿರುತ್ತೆ. ಒಂದೇ ಕಡೆ ಇರೋವರೆಗೂ ಅದು ನಿಯಮದಿಂದ ಬಂದದ್ದು ಅಂತ ಗೊತ್ತಾಗೋದಿಲ್ಲ, ಲೋಕವೇ ಹಾಗಿದೆ ಅನ್ನಿಸುತ್ತೆ. ಎರಡನೇ ಕಲೆಯ ಮೊದಲ ತಿಂಗಳಲ್ಲಿ ಅದು ಗೊತ್ತಾಗುತ್ತೆ. ವ್ಯಕ್ತಿತ್ವ ಬೆಳೆಯುತ್ತೆ ಅಂತ ಕರಪತ್ರಗಳಲ್ಲಿ ಬರೀತಾರಲ್ಲ, ಆ ಮಾತಿಗೆ ನಿಜವಾದ ಅರ್ಥ ಏನಾದರೂ ಇದ್ದರೆ ಇಲ್ಲಿದೆ ಅಂತ ನಮಗನ್ನಿಸುತ್ತೆ. ಸಿ ಭಾಷೆ ಮಾತ್ರ ಬಲ್ಲವನು ಪೈಥಾನ್ ಕಲಿತಾಗ ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಹಾಕ್ತಾ ಕೂರ್ತಾನಲ್ಲ, ಅದರ ದೊಡ್ಡಣ್ಣ ಇದು. ಇಲ್ಲಿ ಕಂಪೈಲರಿನ ಬದಲು ನೆಲ ಉತ್ತರ ಕೊಡುತ್ತೆ.

ಹೀಗೆ ಕಲಿತು ದೊಡ್ಡವರಾದವರಿಗೆ ಕೊರತೆಯಿಲ್ಲ. ಜೂಡೋ ಕಟ್ಟಿದ ಜಿಗೊರೊ ಕಾನೊ ಆಗ ಟೋಕಿಯೋದಲ್ಲಿ ಕಾಲೇಜು ಹುಡುಗ. ಒಂದು ಪಂಥದ ಜುಜುತ್ಸು ಕಲಿತು ಸಾಲದೆ ಇನ್ನೊಂದಕ್ಕೆ ಹೋದ. ತನಗಿಂತ ಬಹಳ ದೊಡ್ಡ ಮೈಯ ಜೊತೆಗಾರನೊಬ್ಬನನ್ನ ಏನು ಮಾಡಿದರೂ ಬೀಳಿಸೋಕೆ ಆಗದೆ, ಮೊದಲು ಸುಮೋ ಪಟ್ಟು ಪ್ರಯತ್ನಿಸಿ ಸೋತು, ಆಮೇಲೆ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ಹುಡುಕಿ, ಅಲ್ಲಿ ಸಿಕ್ಕ ಪಟ್ಟನ್ನ ಅಭ್ಯಾಸ ಮಾಡಿ ಕೊನೆಗೆ ಅವನನ್ನ ಎತ್ತಿ ಒಗೆದ. ಮೇಲೆ ಹೇಳಿದ ಕಾತಾ ಗುರುಮಾ ಹುಟ್ಟಿದ್ದು ಹಾಗೆ ಅಂತ ಜೂಡೋ ಮಂದಿ ಹೇಳ್ತಾರೆ. ಅವನ ಕೊಡೊಕಾನ್ ಶಾಲೆ ಶುರುವಾದದ್ದು 1882ರಲ್ಲಿ. ಲೈಬ್ರರಿ ಕಾರ್ಡನ್ನ ಬರೀ ಪ್ರಶ್ನೆಪತ್ರಿಕೆ ತೆಗೆಯೋಕೆ ಇಟ್ಟುಕೊಂಡಿರೋ ಗೆಳೆಯರು ಗಮನಿಸಬೇಕು.

ನಮ್ಮ ನೆರೆಯ ಕೊಲ್ಹಾಪುರದ ಅಖಾಡಗಳಲ್ಲಿ ಬೆಳೆದ ಖಾಶಾಬಾ ಜಾಧವರ ಕಥೆ ಇನ್ನೂ ಹತ್ತಿರದ್ದು. ಕಾಲಡಿ ಮಣ್ಣನ್ನೇ ಕಂಡು ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮ್ಯಾಟಿನ ಮೇಲೆ ಆಡಬೇಕಾಯ್ತು. ಮಣ್ಣು ಕಾಲನ್ನ ಹಿಡಿದುಕೊಳ್ಳುತ್ತೆ, ಆಟ ನಿಧಾನವಾಗುತ್ತೆ; ಮ್ಯಾಟ್ ಹಾಗಲ್ಲ, ವೇಗದ್ದು, ಪಾಯಿಂಟಿನ ಲೆಕ್ಕದ್ದು, ಗಡಿಯಾರದ್ದು. ಅಲ್ಲಿ ಆರನೇ ಸ್ಥಾನ. ನಾಲ್ಕು ವರ್ಷ ಮ್ಯಾಟಿನ ಕುಸ್ತಿಯನ್ನ ಹೊಸ ವಿದ್ಯೆಯಂತೆ ಕಲಿತು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಹೆಸರಿಗೆ ಎರಡೂ ಕುಸ್ತಿಯೇ, ಆದರೂ ಕಲಿಯೋನಿಗೆ ಎರಡು ಕಲೆ.

ಮೂರನೆಯದು ನಮ್ಮದೇ ಭಾಗದ್ದು. ಬೆಳಗಾವಿಯ ಮಲಪ್ರಭಾ ಜಾಧವ ಜೂಡೋ ಆಟಗಾರ್ತಿ. 2018ರ ಜಕಾರ್ತಾ ಏಷ್ಯನ್ ಗೇಮ್ಸಿಗೆ ಮೊದಲ ಸಲ ಕುರಾಶ್ ಸೇರಿಸಿದಾಗ 52 ಕೆಜಿ ವಿಭಾಗದಲ್ಲಿ ಕಂಚು ಗೆದ್ದರು. ಕುರಾಶ್ ಉಜ್ಬೇಕಿಸ್ತಾನದ ಅಂಗಿ ಕುಸ್ತಿ, ಪೂರ್ತಿ ನಿಂತೇ ಆಡೋದು, ನೆಲದ ಮೇಲಿನ ಹಿಡಿತಗಳಿಲ್ಲ. ಅಂದರೆ ಜೂಡೋದಲ್ಲಿ ಕಲಿತ ಅರ್ಧ ವಿದ್ಯೆಯನ್ನ ಬಾಗಿಲ ಹೊರಗೆ ಬಿಟ್ಟು, ಉಳಿದರ್ಧವನ್ನ ಇಮ್ಮಡಿ ಹರಿತ ಮಾಡಿಕೊಂಡು ಒಳಗೆ ಹೋಗಬೇಕು.

ಮಲಪ್ರಭಾ ಹೆಸರು ತೆಗೆದ ಮೇಲೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕೆ ಆಗೋದಿಲ್ಲ. ಇಲ್ಲಿವರೆಗೆ ಗರಡಿಯನ್ನ ಹೊಗಳಿದ್ದು ನಿಜ. ಆದರೆ ಹಳೇ ಪದ್ಧತಿಯ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಹೊಸ್ತಿಲ ಒಳಗೆ ಜಾಗವಿಲ್ಲ. ಹನುಮಂತ ದೇವರು ಬ್ರಹ್ಮಚಾರಿ ಅನ್ನೋದು ಕೊಡೋ ಕಾರಣ. ಹುಡುಗರಿಗೆ ಹಲವು ಕಲೆ ಕಲಿಯೋದು ಒಂದು ಆಯ್ಕೆ. ನಮ್ಮ ಕ್ಲಾಸಿನ ಹುಡುಗಿಯರಿಗೆ ಮೊದಲ ಬಾಗಿಲೇ ಮುಚ್ಚಿರೋದರಿಂದ ಜೂಡೋ, ಕರಾಟೆ, ಮಲ್ಲಕಂಬದ ಹಗ್ಗ ಇವೇ ದಾರಿ. ಮಹಿಳೆಯರ ಕುಸ್ತಿ ಒಲಿಂಪಿಕ್ಸಿಗೆ ಬಂದು, 2004ರಿಂದ ಲೆಕ್ಕ ಹಾಕಿದರೆ, ಇಪ್ಪತ್ತು ವರ್ಷ ದಾಟಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಸರ್ಕಾರ ಹಾಸ್ಟೆಲ್ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆ ತರಬೇತಿ ನಡೆಸಿದೆ, ಒಳ್ಳೇದೇ. ಆದರೆ ಕೆಲವು ತಿಂಗಳ ತರಬೇತಿಗೂ, ದಿನಾ ಬೆಳಗ್ಗೆ ಹೋಗಿ ಬೀಳೋ ಒಂದು ಜಾಗಕ್ಕೂ ವ್ಯತ್ಯಾಸ ಇದೆ. ಗರಡಿಗಳು ಹುಡುಗರಿಲ್ಲದೆ ಖಾಲಿ ಬೀಳ್ತಿವೆ ಅಂತ ಕೊರಗೋ ಹಿರಿಯರು, ಊರಿನ ಅರ್ಧ ಮಕ್ಕಳನ್ನ ಹೊರಗೆ ನಿಲ್ಲಿಸಿದ್ದೀವಿ ಅನ್ನೋದನ್ನೂ ಎಣಿಸಬೇಕು ಅನ್ನೋದು ನಮ್ಮ ಅಭಿಪ್ರಾಯ. ಬೆಳಗ್ಗೆ ಗಂಡುಮಕ್ಕಳು, ಸಂಜೆ ಹೆಣ್ಣುಮಕ್ಕಳು ಅಂತ ಹೊತ್ತು ಹಂಚಿಕೊಂಡರೂ ಸಾಕು, ಮಣ್ಣೇನೂ ಬೇಡ ಅನ್ನೋದಿಲ್ಲ.

ಇನ್ನು ಶುರು ಮಾಡೋರಿಗೆ. ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ಯಾವುದಾದರೂ ಒಂದು ಕಲೆ ಕನಿಷ್ಠ ಎರಡು ವರ್ಷ ಮೈಗೆ ಹತ್ತಲಿ. ಹಿರಿಯರ ಬಾವಿಯ ಮಾತು ಇಲ್ಲಿ ಸರಿ: ಮೊದಲ ಬಾವಿಗೆ ನೀರು ಬಂದಮೇಲೆ ಎರಡನೆಯದು. ಎರಡನೆಯದನ್ನ ಆರಿಸುವಾಗ ಮೊದಲಿನದಕ್ಕಿಂತ ದೂರದ್ದನ್ನ ಆರಿಸಿ. ಹೊಡೆಯೋ ಕಲೆ ಬಂದವರು ಹಿಡಿಯೋ ಕಲೆಗೆ, ಹಿಡಿಯೋರು ಹೊಡೆಯೋ ಕಲೆಗೆ. ಮೂರನೆಯದಾಗಿ ಮಲ್ಲಕಂಬವೋ ಈಜೋ ಇದ್ದರೆ ಸಾಕು. ಮೊದಲ ಕೆಲವು ತಿಂಗಳು ಎರಡರಲ್ಲೂ ಕೆಟ್ಟೆವು ಅನ್ನಿಸುತ್ತೆ, ಹಳೇ ಗುರುಗಳು "ಏನ್ ತಮ್ಮಾ, ಕಾಲು ಎಲ್ಲಿ ಇಟ್ಟಿ?" ಅಂತ ಬೈತಾರೆ. ಬೈಲಿ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದ್ದರು: ಕೈಯಿಂದ ಮರದ ತಡೆಗಳನ್ನ ಬೇರೆ ಬೇರೆ ಕ್ರಮದಲ್ಲಿ ಬೀಳಿಸೋ ಮೂರು ಕೆಲಸ. ಒಂದನ್ನ ಮುಗಿಸಿ ಇನ್ನೊಂದು ಅಂತ ಕಲಿತವರು ಅಭ್ಯಾಸದ ಹೊತ್ತಿಗೆ ಮುಂದಿದ್ದರು, ಮೂರನ್ನೂ ಕಲಸಿ ಕಲಿತವರು ಹಿಂದಿದ್ದರು. ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರೇ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಅದು ಕುಸ್ತಿಯ ಪ್ರಯೋಗವಲ್ಲ ನಿಜ, ಆದರೆ ಅಭ್ಯಾಸದ ಹೊತ್ತಿನ ಎಡವಟ್ಟನ್ನೇ ಕೊನೆಯ ಮಾರ್ಕು ಅಂದುಕೊಳ್ಳಬಾರದು ಅನ್ನೋದಕ್ಕೆ ಸಾಕು.

ಗುರುಗಳನ್ನ ಆರಿಸುವಾಗ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಬೇಡಿ, ಹಳೇ ಶಿಷ್ಯರು ಇನ್ನೂ ಬರ್ತಾರಾ ನೋಡಿ. ಆರು ತಿಂಗಳಿಗೆ ಬ್ಲ್ಯಾಕ್ ಬೆಲ್ಟ್ ಅನ್ನೋ ಬೋರ್ಡು ಕಂಡರೆ ರಸ್ತೆಯ ಆ ಕಡೆಯಿಂದ ಹೋಗಿ. ಇಬ್ಬರು ಗುರುಗಳಿಗೂ ಇನ್ನೊಬ್ಬರ ಹತ್ತಿರ ಕಲೀತಿರೋದನ್ನ ಮೊದಲೇ ಹೇಳಿ. ವಸ್ತಾದರು ಒಂದು ವಾರ ಮುಖ ಗಂಟು ಹಾಕಿಕೊಂಡಿರಬಹುದು, ಬೇರೆಯವರಿಂದ ಗೊತ್ತಾದರೆ ಒಂದು ವರ್ಷ.

ಮೈಯ ವಿಷಯದಲ್ಲಿ ಹುಡುಗಾಟ ಬೇಡ. ಉಗುರು ಕತ್ತರಿಸಿ, ಆಡಿದ ಕೂಡಲೇ ಸ್ನಾನ ಮಾಡಿ. ಮೈಗೆ ಮೈ ತಾಗೋ ಆಟಗಳಲ್ಲಿ ಹುಳುಕಡ್ಡಿ ಒಬ್ಬರಿಂದ ಇಡೀ ಗುಂಪಿಗೆ ಹಬ್ಬುತ್ತೆ. ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲೆ ಬಂದರೆ ಆ ದಿನದ ಆಟ ಅಲ್ಲಿಗೇ ಬಂದ್, ಡಾಕ್ಟರ್ ಹತ್ತಿರ ಹೋಗಿ. ಕಡಿಮೆ ತೂಕದ ವಿಭಾಗದಲ್ಲಿ ಆಡಬೇಕು ಅಂತ ನೀರು ಬಿಟ್ಟು, ಪ್ಲಾಸ್ಟಿಕ್ ಹೊದ್ದು ಬೆವರಿಳಿಸೋ ಹುಚ್ಚು ಕಾಲೇಜು ಟೂರ್ನಮೆಂಟುಗಳಲ್ಲೂ ಇದೆ. ಅಮೆರಿಕದಲ್ಲಿ 1997ರ ಕೊನೆಗೆ ಸುಮಾರು ಒಂದು ತಿಂಗಳೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ತೂಕ ಇಳಿಸೋಕೆ ಹೋಗಿ ಸತ್ತರು. ಆಮೇಲೆ ಅಲ್ಲಿ ನಿಯಮ ಬದಲಾಯ್ತು.

ವೇಳಾಪಟ್ಟಿ ಕೇಳೋರಿಗೆ: ವಾರದಲ್ಲಿ ಮೂರು ದಿನ ಮೊದಲನೆಯದು, ಎರಡು ದಿನ ಎರಡನೆಯದು, ಒಂದು ದಿನ ಕಂಬವೋ ಕೆರೆಯೋ, ಒಂದು ದಿನ ಪೂರಾ ನಿದ್ದೆ. ಇಂಟರ್ನಲ್ಸ್ ವಾರದಲ್ಲಿ ಎರಡನೆಯದನ್ನ ಬಿಟ್ಟುಬಿಡಿ, ಮೊದಲನೆಯದನ್ನ ಅರ್ಧ ಗಂಟೆಗೆ ಇಳಿಸಿ. ಬೀಳೋ ಅಭ್ಯಾಸವನ್ನ ಮಾತ್ರ ಯಾವ ವಾರವೂ ಬಿಡಬೇಡಿ: ಗದ್ದ ಎದೆಗೆ ಒತ್ತಿ, ಕೈ ಚಾಚಿ ನೆಲಕ್ಕೆ ಬಡಿದು, ಭುಜದ ಮೇಲಿಂದ ಉರುಳಿ ಏಳೋದು, ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಹಾಸ್ಟೆಲ್ ರೂಮಿನಲ್ಲಿ ಎರಡು ಗಾದಿ ಸೇರಿಸಿ ಹಾಸಿದರೆ ಅದಕ್ಕೆ ಜಾಗ ಸಾಕು.